ಎತ್ತು ಕಟ್ಟುತ್ತಿದ್ದಲ್ಲಿ ಸೋಫಾ

ನಮ್ಮ ಹಾನಗಲ್, ಹಿರೇಕೆರೂರು ಕಡೆಯ ಹಳೇ ಮನೆ ನೋಡಿದ್ದೀರಾ? ತಲಬಾಗಿಲು ದಾಟಿದರೆ ತಗ್ಗಿನಲ್ಲಿ ದನ, ಕಟ್ಟೆಯ ಮೇಲೆ ಮಂದಿ. ಟ್ರ್ಯಾಕ್ಟರ್ ಬಂದು ಎತ್ತು ಹೋದ ಮೇಲೆ ನಮ್ಮನೆಯ ಆ ಅರ್ಧ ಖಾಲಿ. ಅಲ್ಲೇ ಹಾಲ್ ಮಾಡೋಣ ಅಂತ ಹೊರಟೆ. ಕೈಯಲ್ಲಿದ್ದದ್ದು ಎರಡೇ ಲಕ್ಷ.

ಮೊದಲು ಸಿಮೆಂಟ್ ಗಿಲಾವು ಮಾಡಿಸಿ ಕೆಟ್ಟೆ. ವರ್ಷಗಟ್ಟಲೆ ಗಂಜಲ ಕುಡಿದ ಮಣ್ಣಿನ ಗೋಡೆ ಉಪ್ಪು ಕಾರಿತು. ಒಂದೇ ಮಳೆಗಾಲಕ್ಕೆ ಗಿಲಾವು ಹಕ್ಕಳೆ ಎದ್ದು ಬಿತ್ತು. ಆಮೇಲೆ ಬುದ್ಧಿ ಬಂತು. ನೆಲದ ಹಳೇ ಮಣ್ಣು ತೆಗೆಸಿ ಜಲ್ಲಿ, ಗರಸು ತುಂಬಿಸಿದೆ. ಎದುರುಬದುರು ಕಿಟಕಿ, ಗೋಡೆಗೆ ಸುಣ್ಣದ ಗಾರೆ. ದುಡ್ಡು ಕಡಿಮೆ ಇದ್ದರೆ ಮೊದಲು ಗಾಳಿ, ಆಮೇಲೆ ಅಂದ... ಇದು ನನ್ನ ವಾದ.

ಗೋದಲಿ ಒಡೆಸಲು ಹೋದಾಗ ಅಪ್ಪ ಅಂದರು, “ಎತ್ತಂತೂ ಹೋದ್ವು, ಗ್ವಾದ್ಲಿನರ ಇರಲಿ ಬಿಡೋ.” ಅದಕ್ಕೆ ಕಡಪಾ ಕಲ್ಲು ಹೊದಿಸಿದೆವು. ಈಗ ಅಪ್ಪ ಸೋಫಾ ಬಿಟ್ಟು ಅಲ್ಲೇ ಕೂರುತ್ತಾರೆ.

ನಿಮ್ಮೂರ ಮನೆಯ ಗೋದಲಿ ಏನಾಯ್ತು?