ಎಲ್ಕ್ ಬೇಟೆಗೂ ಸ್ಪೆಷಲ್ ದರ್ಶನವೇ?

ನಮ್ಮ ಪಕ್ಕದ ಮನೆಯಲ್ಲಿ, ಇಲ್ಲಿ ಮಿನ್ನೆಸೋಟದಲ್ಲಿ, ಒಬ್ಬರು ನಿವೃತ್ತ ಲಾರಿ ಡ್ರೈವರ್ ಇದ್ದಾರೆ. ನನಗೆ ಕೋವಿ ಹಿಡಿಯೋದು, ಜಿಂಕೆಯ ಜಾಡು ನೋಡೋದು ಕಲಿಸಿದ್ದು ಅವರೇ. ವಯಸ್ಸು ಎಪ್ಪತ್ತರ ಹತ್ತಿರ. ಮೊನ್ನೆ ಬಂದು, "ಮೊಣಕಾಲು ಇನ್ನೂ ಮಾತು ಕೇಳ್ತಿರುವಾಗಲೇ ಒಂದು ಸಲ ಎಲ್ಕ್ ಬೇಟೆಗೆ ಹೋಗಿಬರಬೇಕು. ಯಾವ ರಾಜ್ಯ ಅಗ್ಗ? ನೀನೇ ನೋಡಿ ಹೇಳು" ಅಂದರು. ಎಲ್ಕ್ ಅಂದರೆ ನಮ್ಮ ಕಡವೆಯ ಬಳಗದ್ದೇ, ಆದರೆ ಗಾತ್ರದಲ್ಲಿ ದೊಡ್ಡಣ್ಣ. ಗಂಡು ಮುನ್ನೂರು ಕೆಜಿ ದಾಟುತ್ತೆ. ಮಿನ್ನೆಸೋಟದಲ್ಲಿ ಅವು ತೀರಾ ಕಡಿಮೆ, ಪರ್ಮಿಟ್ಟಿಗೆ ಲಾಟರಿ. ಹಾಗಾಗಿ ಪಶ್ಚಿಮದ ರಾಜ್ಯಗಳಿಗೇ ಹೋಗಬೇಕು.

"ಬೇಟೆನಾ? ಛೀ!" ಅಂತ ಕಾಮೆಂಟ್ ಹಾಕೋ ಮುಂಚೆ ಎರಡು ಮಾತು ಕೇಳಿ. ನಮ್ಮಲ್ಲಿ 1972ರ ಕಾಯ್ದೆ ಬೇಟೆಯನ್ನು ನಿಲ್ಲಿಸಿತು. ಒಳ್ಳೆಯದೇ ಆಯಿತು. ಅಮೆರಿಕ ಬೇರೆ ದಾರಿ ಹಿಡಿಯಿತು. ನೂರು ವರ್ಷದ ಹಿಂದೆ ಒಂದು ಲಕ್ಷಕ್ಕೂ ಕೆಳಗಿಳಿದಿದ್ದ ಎಲ್ಕ್ ಈಗ ಹತ್ತು ಲಕ್ಷದ ಆಸುಪಾಸು ಇವೆ. ಅದರ ಹಿಂದೆ ಬೇಟೆಗಾರರ ಲೈಸೆನ್ಸ್ ದುಡ್ಡಿದೆ, 1937ರ ಕಾನೂನಿನ ಪ್ರಕಾರ ಕೋವಿ-ತೋಟೆಯ ಮೇಲೆ ಬರುವ ತೆರಿಗೆಯೂ ಇದೆ. ಇದಕ್ಕೆಲ್ಲ ತಳಪಾಯ ಒಂದೇ ಮಾತು: ಕಾಡುಪ್ರಾಣಿ ಜಮೀನ್ದಾರನ ಸೊತ್ತಲ್ಲ, ಎಲ್ಲರದ್ದು. ನನ್ನ ಜಗಳ ಇರೋದೂ ಅಲ್ಲೇ.

ಹೊರಗಿನವರಿಗೆ ಹೆಚ್ಚು ರೇಟು ಹಾಕ್ತಾರೆ ಅನ್ನೋದು ನನ್ನ ತಕರಾರಲ್ಲ. ಆ ಜಗಳ ಹಳೇದು. 1976ರಲ್ಲಿ ಮೊಂಟಾನಾದಲ್ಲಿ ಸ್ಥಳೀಯನಿಗೆ ಎಲ್ಕ್ ಲೈಸೆನ್ಸ್ 9 ಡಾಲರ್, ಹೊರಗಿನವನಿಗೆ 225! ಮಿನ್ನೆಸೋಟದ ಬೇಟೆಗಾರರೂ ಸೇರಿ ಕೋರ್ಟಿಗೆ ಹೋದರು. 1978ರಲ್ಲಿ ಸುಪ್ರೀಂ ಕೋರ್ಟ್ 6-3ರಲ್ಲಿ, ಎಲ್ಕ್ ಬೇಟೆ ಬರೀ ಹವ್ಯಾಸ, ಮೂಲಭೂತ ಹಕ್ಕೇನಲ್ಲ ಅಂತ ಹೇಳಿ ಕಳಿಸಿತು. ಆಗಲಿ. ಚಳಿಗಾಲದಲ್ಲಿ ಎಲ್ಕ್ ಹಿಂಡು ಬಂದು ಹುಲ್ಲು ಮೇದು ಬೇಲಿ ಮುರಿಯೋದು ಅಲ್ಲಿಯ ರೈತನದ್ದೇ ತಾನೇ? ಅವನಿಗೆ ರಿಯಾಯಿತಿ ಇರಲಿ ಬಿಡಿ.

ನನ್ನ ಸಿಟ್ಟು ಕ್ಯೂ ಮಾರುವವರ ಮೇಲೆ. ವೈಯೋಮಿಂಗ್ ನೋಡಿ. ಹೊರಗಿನವರಿಗೆ ಎಲ್ಕ್ ಲೈಸೆನ್ಸ್ 692 ಡಾಲರ್. ಅದೇ ಎಲ್ಕ್, ಅದೇ ಕಾಡು, ಅದೇ ತಾರೀಖು, ಆದರೆ 'ಸ್ಪೆಷಲ್' ಲೈಸೆನ್ಸ್ 2024ರಿಂದ 1,950 ಡಾಲರ್! ಹೊರಗಿನವರ ಪಾಲಿನಲ್ಲಿ ಶೇ. 40 ಈ ಸ್ಪೆಷಲ್‌ನವರಿಗೆ ಮೀಸಲು. ಆ ಕ್ಯೂ ಗಿಡ್ಡ ಇರುತ್ತೆ ಅನ್ನೋ ನಂಬಿಕೆಗೇ ಜನ ದುಡ್ಡು ಸುರಿಯೋದು. ದೇವಸ್ಥಾನದಲ್ಲಿ ಸ್ಪೆಷಲ್ ದರ್ಶನದ ಚೀಟಿ ನೋಡಿ ಬೈಕೊಳ್ತೀವಲ್ಲ ಸ್ವಾಮಿ, ಇಲ್ಲೂ ಅದೇ ಕಥೆ, ಹೆಸರು ಕೂಡ ಅದೇ :-) ಇನ್ನೂ ಒಂದಿದೆ. ವೈಯೋಮಿಂಗಿನ ಸುಮಾರು ಅರ್ಧ ನೆಲ ಕೇಂದ್ರ ಸರ್ಕಾರದ್ದು, ಅಂದರೆ ನಮ್ಮ ನೆರೆಯವರದ್ದೂ ಹೌದು. ಆದರೂ ಅಲ್ಲಿ ವಿಲ್ಡರ್ನೆಸ್ ಅಂತ ಘೋಷಿಸಿದ ಕಾಡಿನಲ್ಲಿ ಹೊರಗಿನವರು ಗೈಡ್ ಅಥವಾ ಸ್ಥಳೀಯ ಜೊತೆಗಾರ ಇಲ್ಲದೆ ಎಲ್ಕ್ ಹೊಡೆಯುವಂತಿಲ್ಲ. ಕೈಬೀಸಿಕೊಂಡು ತಿರುಗಾಡಬಹುದು, ಕೋವಿ ಹಿಡಿದರೆ ಮಾತ್ರ ಗೈಡ್ ಬೇಕು!

ನ್ಯೂ ಮೆಕ್ಸಿಕೋ ಇನ್ನೂ ಒಂದು ಹೆಜ್ಜೆ ಮುಂದೆ. ಲಾಟರಿಯಲ್ಲಿ ಶೇ. 84 ಸ್ಥಳೀಯರಿಗೆ, ಶೇ. 10 ಗೈಡ್ ಗೊತ್ತುಮಾಡಿಕೊಂಡವರಿಗೆ. ಗೈಡ್ ಇಲ್ಲದ ಹೊರಗಿನ ಬಡಪಾಯಿಗೆ ಉಳಿಯೋದು ಶೇ. 6. ಲಾಟರಿ ಬೇಡ ಅಂದರೆ ಜಮೀನಿನ ಮಾಲೀಕರಿಗೆ ಸರ್ಕಾರ ಕೊಟ್ಟ ಪರವಾನಗಿಯನ್ನು ಅವರು ಹೇಳಿದ ರೇಟಿಗೆ ಕೊಳ್ಳಬಹುದು. ಎಲ್ಲರದ್ದು ಅಂದ ಪ್ರಾಣಿ ಕೊನೆಗೆ ಜಮೀನ್ದಾರನ ಅಂಗಡಿಗೇ ಬಂತಲ್ಲ!

ಐಡಾಹೋದಲ್ಲಿ ಮೊದಲು ಬಂದವರಿಗೆ ಮೊದಲು ಅಂತಿತ್ತು, 2026ರ ಸೀಸನ್ನಿನಿಂದ ಹೊರಗಿನವರಿಗೆ ಅಲ್ಲೂ ಲಾಟರಿ. ಕಾಯಬೇಕು, ನಿಜ. ಆದರೆ ಲಾಟರಿಗೆ ಜೇಬಿನ ಗಾತ್ರ ಗೊತ್ತಾಗಲ್ಲ, ಹಾಗಾಗಿ ಅದರ ಮೇಲೆ ನನಗೆ ಸಿಟ್ಟಿಲ್ಲ.

ಕೊಲೊರಾಡೋದಲ್ಲಿ ಬೇರೆಲ್ಲ ರಾಜ್ಯಕ್ಕಿಂತ ಹೆಚ್ಚು ಎಲ್ಕ್. ಬಿಲ್ಲಿನ ಬೇಟೆಗೆ ಹೊರಗಿನವರು ಅಂಗಡಿಗೆ ಹೋಗಿ ಟ್ಯಾಗ್ ಕೊಳ್ಳುವುದಕ್ಕೆ ರಾಜ್ಯದ ಪಶ್ಚಿಮ ಭಾಗದಲ್ಲಿ 2025ರಿಂದ ಕಲ್ಲು ಬಿತ್ತು. ಆದರೆ ಎರಡನೇ, ಮೂರನೇ ರೈಫಲ್ ಸೀಸನ್ನಿಗೆ 2025ರಲ್ಲೂ ಟ್ಯಾಗ್ ಸೀದಾ ಸಿಗ್ತಿತ್ತು, ಎಂಟುನೂರು ಡಾಲರ್ ಆಸುಪಾಸು. ಜಮೀನಿನ ಮಾಲೀಕರ ವೋಚರ್ ವ್ಯಾಪಾರ ಅಲ್ಲೂ ಉಂಟು, ಹಾಗಾಗಿ ಪೂರ್ತಿ ಸಾಚಾ ಅನ್ನಲ್ಲ. ಆದರೂ ಆ ಎರಡು ಸೀಸನ್ನಿನಲ್ಲಿ ಡೈರೆಕ್ಟರನೂ ಡ್ರೈವರನೂ ಒಂದೇ ಕ್ಯೂ, ಒಂದೇ ರೇಟು. ಜನಜಂಗುಳಿ ಇರುತ್ತೆ, ಅದನ್ನು ಸಹಿಸಿಕೊಳ್ಳಬೇಕು ಅಷ್ಟೇ.

ಈಗ ಅಸಲಿ ಮಾತಿಗೆ ಬರ್ತೀನಿ. ಈ ಸ್ಪೆಷಲ್ ವ್ಯಾಪಾರ ನಡೀತಿರೋದೇ ಕೊಂಬಿನ ಆಸೆಯ ಮೇಲೆ. ಆ ಆಸೆ ಬಿಡಿ, ಲೆಕ್ಕ ತಲೆಕೆಳಗಾಗುತ್ತೆ. ನಾನು ಇಷ್ಟು ಹೊತ್ತು ಬೈದ ಅದೇ ವೈಯೋಮಿಂಗಿನಲ್ಲಿ ಹೆಣ್ಣು ಎಲ್ಕಿನ ಲೈಸೆನ್ಸ್ ಹೊರಗಿನವರಿಗೆ 288 ಡಾಲರ್. ಅದಕ್ಕೆ ಸ್ಪೆಷಲ್ ಕ್ಯೂನೂ ಇಲ್ಲ. ಎಲುಬು ತೆಗೆದ ಮೇಲೂ ಅರವತ್ತು ಕೆಜಿ ಆಸುಪಾಸು ಮಾಂಸ, ವರ್ಷಪೂರ್ತಿ ಫ್ರೀಜರ್ ತುಂಬುತ್ತೆ. ಒಂದೇ ಎಚ್ಚರ: ಅರ್ಜಿ ಹಾಕೋ ಮುಂಚೆ ನಕ್ಷೆ ತೆಗೆದು ಸಾರ್ವಜನಿಕ ನೆಲ ಎಷ್ಟಿದೆ, ಅಲ್ಲಿಗೆ ದಾರಿ ಇದೆಯಾ ನೋಡಿ. ಖಾಸಗಿ ರಾಂಚುಗಳ ಮಧ್ಯೆ ಸಿಕ್ಕಿಕೊಂಡ ಜಾಗಕ್ಕೆ ಟ್ಯಾಗ್ ತಗೊಂಡರೆ 288 ಕೂಡ ದಂಡ.

ನೆರೆಯವರಿಗೆ ಇದನ್ನೇ ಹೇಳಿದೆ. ಮೊದಲು ವೈಯೋಮಿಂಗಿನ ಹೆಣ್ಣು ಟ್ಯಾಗ್, ಸಿಗದಿದ್ದರೆ ಕೊಲೊರಾಡೋ. ಗೋಡೆಗೆ ಕೊಂಬು ಬೇಡವಾ ಅಂತ ಕೇಳಿದ್ದಕ್ಕೆ, "ಗೋಡೆಯಲ್ಲಿ ಮೊಮ್ಮಕ್ಕಳ ಫೋಟೋಗೇ ಜಾಗ ಇಲ್ಲ" ಅಂದರು. ಇಬ್ಬರೂ ಸಾಮಾನ್ಯ ಕ್ಯೂನಲ್ಲೇ ನಿಲ್ತಿದ್ದೀವಿ.

ಹೊರಗಿನವನಿಗೆ ಹೆಚ್ಚು ರೇಟು ಹಾಕೋದು ಬೇರೆ, ದುಡ್ಡಿದ್ದವನಿಗೆ ಕ್ಯೂ ಮಾರೋದು ಬೇರೆ ಅಂತ ನನ್ನ ವಾದ. ಎರಡೂ ಒಂದೇ ಅನ್ನೋರು ಇದ್ದರೆ ಬನ್ನಿ, ಕೆಳಗೆ ಜಗಳ ಆಡೋಣ.