ಅರಿವಿನ ದಾಸೋಹ ಮತ್ತು ಉದ್ದಿಮೆಯ ಲೆಕ್ಕಪತ್ರ

ದಾಸೋಹವೆಂದೊಡನೆ ಭಕ್ತರ ಕಣ್ಣೆದುರು ಅನ್ನದ ಪಂಕ್ತಿ ನಿಲ್ಲುತ್ತದೆ. ಬಸವಾದಿ ಶರಣರ ಕಲ್ಯಾಣದಲ್ಲಿ ಅರಿವೂ ದಾಸೋಹದ ಪದಾರ್ಥವಾಗಿತ್ತು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ ಮೊದಲಾದ ಶರಣರು ತಮ್ಮ ತಮ್ಮ ಕಾಯಕದಲ್ಲಿ ಕಂಡುಂಡುದನ್ನು ಅನುಭಾವ ಗೋಷ್ಠಿಯಲ್ಲಿ ಹಂಚಿಕೊಂಡರು.

ಇಂದಿನ ಉದ್ದಿಮೆಗಳಲ್ಲಿ ನೌಕರರ ತಿಳಿವಳಿಕೆ ಒಬ್ಬರಿಂದೊಬ್ಬರಿಗೆ ಹರಿಯುವಂತೆ ನೋಡಿಕೊಳ್ಳುವ ಹೊಣೆ ಮಾನವ ಸಂಪನ್ಮೂಲ ವಿಭಾಗಕ್ಕೂ ಸೇರಿದೆ. (ಮಾನವನನ್ನು ಸಂಪನ್ಮೂಲವೆಂದು ಕರೆಯುವುದು ಶರಣರ ಕಿವಿಗೆ ಕಟುವಾಗಿ ಕೇಳುತ್ತಿತ್ತೇನೋ!) ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಯು 2001ರಲ್ಲಿ ಕೈಗೊಂಡ ಪ್ರಯೋಗವೊಂದು ಈ ಸಂದರ್ಭದಲ್ಲಿ ಮನನೀಯ. ತನ್ನ ಅನುಭವವನ್ನು ಬರೆದು ಸಂಸ್ಥೆಯ ಆಂತರಿಕ ಜ್ಞಾನಭಂಡಾರಕ್ಕೆ ಸೇರಿಸಿದ ನೌಕರನಿಗೆ 'ನಾಲೆಡ್ಜ್ ಕರೆನ್ಸಿ ಯೂನಿಟ್' ಎಂಬ ಅಂಕಗಳು ದೊರೆಯುತ್ತಿದ್ದವು, ಅಂಕಗಳಿಗೆ ಬಹುಮಾನವಿತ್ತು. ಬರಹಗಳು ಹೊಳೆಯಾಗಿ ಹರಿದು ಬಂದವು. ಆದರೆ ಅವುಗಳ ಗುಣಮಟ್ಟದ ಬಗೆಗೆ ಸಂಶಯ ಹುಟ್ಟಿತು, ಪರಿಶೀಲಿಸುವವರ ಹೊರೆ ಹೆಚ್ಚಿತು. 2002ರಲ್ಲಿ ಸಂಸ್ಥೆಯೇ ನಿಯಮವನ್ನು ತಿದ್ದಿ, ಬರಹವನ್ನು ಬಳಸಿದವರ ಅಭಿಪ್ರಾಯಕ್ಕೆ ಹೆಚ್ಚಿನ ಬೆಲೆ ಕೊಟ್ಟಿತು.

ಪತಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಮರಳಿ ಸುರಿದು ಬರುವಂತೆ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನವರಿಗೆ ಇದು ಹೊಸ ಸಂಗತಿಯೆನಿಸುತ್ತಿರಲಿಲ್ಲ. ಕಾಯಕದೊಳಗೆ ಆಸೆ ಹೊಕ್ಕರೆ ರಾಶಿ ಬೆಳೆಯುತ್ತದೆ, ಸತ್ವ ಬೆಳೆಯುವುದಿಲ್ಲ.

ಹಾಗೆಂದು ನೌಕರನಿಗೆ ನಿಸ್ವಾರ್ಥದ ಉಪದೇಶ ಮಾಡಿ ಸುಮ್ಮನಾಗುವುದು ಅನ್ಯಾಯ. ಇಪ್ಪತ್ತು ವರ್ಷ ಯಂತ್ರದೊಡನೆ ಬಾಳಿ, ಅದರ ಸದ್ದಿನಿಂದಲೇ ದೋಷವನ್ನು ಗುರುತಿಸಬಲ್ಲ ಕುಶಲಕರ್ಮಿಗೆ ಆ ಅರಿವೇ ಅನ್ನ. ಅದನ್ನು ಕಿರಿಯನಿಗೆ ಧಾರೆಯೆರೆದ ಮರುವರ್ಷವೇ ತನ್ನನ್ನು ಮನೆಗೆ ಕಳುಹಿಸುವರೆಂಬ ಅಂಜಿಕೆಯಿರುವಲ್ಲಿ ಅವನು ಬಾಯಿ ಬಿಡನು. ಅದನ್ನು ಲೋಭವೆನ್ನಲಾಗದು. ಗೋಷ್ಠಿಯಲ್ಲಿ ಅನುಭಾವ ನುಡಿದ ಮೇಲೂ ಚೌಡಯ್ಯನವರ ದೋಣಿ, ಹುಟ್ಟು ಅವರವೇ ಆಗಿದ್ದವು. ಹಂಚುವುದರಿಂದ ಅವರ ಕಾಯಕಕ್ಕೆ ಕುಂದು ಬರುವಂತಿರಲಿಲ್ಲ. ಸಂಬಳದ ನೌಕರನ ಸ್ಥಿತಿ ಹಾಗಿಲ್ಲ.

ಆದುದರಿಂದ ಆ ಅಂಜಿಕೆಯನ್ನು ನೀಗಿಸುವುದೇ ಮಾನವ ಸಂಪನ್ಮೂಲ ವಿಭಾಗದ ಮೊದಲ ಕಾಯಕವಾಗಬೇಕು. ಕಲಿಸಿದವನ ಕೆಲಸಕ್ಕೆ ಭದ್ರತೆಯ ಮಾತು ಲಿಖಿತವಾಗಿರಬೇಕು. ಕಲಿಸುವ ಹೊತ್ತು ದುಡಿಮೆಯ ಅವಧಿಯೊಳಗೇ ಎಣಿಕೆಯಾಗಬೇಕು. ವಾರ್ಷಿಕ ಮೌಲ್ಯಮಾಪನದಲ್ಲಿ ಎಷ್ಟು ಪುಟ ಬರೆದನೆಂದು ಕೇಳುವುದಕ್ಕಿಂತ, ಅವನಿಂದ ಯಾರು ಏನನ್ನು ಕಲಿತರೆಂದು ಕೇಳುವುದು ಲೇಸು. ನಿವೃತ್ತಿಯ ದಿನ ಶಾಲು ಹೊದಿಸಿ ಹಾರ ಹಾಕುವ ಮೊದಲು ಒಂದು ವರ್ಷವಾದರೂ ಕಿರಿಯನೊಬ್ಬನನ್ನು ಹಿರಿಯನ ಜೊತೆಗೆ ನಿಲ್ಲಿಸಬೇಕು. ಒಂದೇ ಕೆಲಸಕ್ಕೆ ಆ ವರ್ಷ ಎರಡು ಸಂಬಳವಾಗುವುದು ನಿಜ; ಆ ವೆಚ್ಚವನ್ನು ಆಡಳಿತ ಮಂಡಳಿಯ ಮುಂದಿಟ್ಟು ಒಪ್ಪಿಸುವ ಧೈರ್ಯವನ್ನೂ ಆ ವಿಭಾಗವೇ ತೋರಬೇಕಾಗುತ್ತದೆ.