ಗೌರವಧನದಲ್ಲಿ ಗೌರವ ಎಲ್ಲಿದೆ?

ನಮಗೆ ಬರ್ನೌಟ್ ಆದ್ರೆ ಎಚ್‌ಆರ್‌ನಿಂದ ಮೇಲ್ ಬರುತ್ತೆ, ರಜೆ ಸಿಗುತ್ತೆ. ಊರಿನ ವಿಆರ್‌ಡಬ್ಲ್ಯೂಗೆ? ಅಂದ್ರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ? ಪಂಚಾಯಿತಿಗೊಬ್ಬರು, ಅವರೂ ವಿಕಲಚೇತನರೇ. ಯುಡಿಐಡಿ ಕಾರ್ಡು, ಪಿಂಚಣಿ ಅರ್ಜಿ, ಮನೆಮನೆ ಸರ್ವೆ ಎಲ್ಲ ಅವರ ತಲೆಗೇ. 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು, 2016ರ ಕಾಯ್ದೆಯಲ್ಲಿ 21 ಆದವು. ಸ್ಕೋಪ್ ಮೂರು ಪಟ್ಟು, ಟೀಮ್ ಮಾತ್ರ ಒಬ್ಬರದೇ. ನಮ್ಮ ಪ್ರಾಜೆಕ್ಟಲ್ಲಿ ಹೀಗಾದ್ರೆ ಸುಮ್ನಿರ್ತೀವಾ? ಪಿಂಚಣಿ ನಿಂತರೆ ಬೈಗುಳ ಅವರಿಗೆ, ಸರಿಪಡಿಸೋ ಅಧಿಕಾರ ಇನ್ಯಾರಿಗೋ. ಹೀಗಿದ್ರೆ ಮನುಷ್ಯ ಬಸವಳಿಯದೆ ಇನ್ನೇನಾಗ್ತಾನೆ? ಇಷ್ಟಕ್ಕೂ ಕೊಡೋದು ಸಂಬಳವಲ್ಲ, ‘ಗೌರವಧನ’. ‘ಸೇವೆ’ ಅಂತ ಕೈಮುಗಿದು ಕೂಲಿ ಉಳಿಸೋದು ಹಳೇ ಉಪಾಯ. ಧ್ಯಾನ ಶಿಬಿರ ಬೇಡ ಸ್ವಾಮಿ. ಸಂಬಳ, ರಜೆ, ಇಎಸ್‌ಐ, ಕೆಲಸಕ್ಕೆ ಇನ್ನೊಂದು ಜೊತೆ ಕೈ ಕೊಡಿ. ಹಾರ, ಶಾಲು ಆಮೇಲೆ ಹಾಕಿ.